ಹಳೇ ಲ್ಯಾಪ್‌ಟಾಪಿನ ಫ್ಯಾನ್ ಸಪ್ಪಳ: ಬಿಚ್ಚುವ ಮೊದಲು ನೋಡುವುದು, ಬಿಚ್ಚಿದ ಮೇಲೆ ಮಾಡುವುದು

"ಕಾಕಾ, ಇದು ಬಾಳ ಸಪ್ಪಳಾ ಮಾಡಾಕತ್ತೇತ್ರಿ. ಕ್ಲಾಸ್ ಕೇಳಾಕ ಕುಂತ್ರ ಸರ್ ಮಾತಿಗಿಂತ ಇದರ ಸಪ್ಪಳಾನ ಜೋರ್ ಕೇಳ್ತೈತಿ. ಹೊಸಾದ್ ತಗೋಬೇಕೇನ್ರಿ?"

ಕೇಳಿದವಳು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಅವಳ ಅಣ್ಣ ಬಳಸಿ ಬಿಟ್ಟಿದ್ದ ಒಂಬತ್ತು ವರ್ಷದ ಲ್ಯಾಪ್‌ಟಾಪು. ಆನ್ ಮಾಡಿದ ಎರಡೇ ನಿಮಿಷಕ್ಕೆ ಮಿಕ್ಸರ್ ಹಾಕಿದ ಹಾಗೆ ಹೊಯ್ಕೊಳ್ಳಲು ಶುರು ಮಾಡುತ್ತಿತ್ತು. "ಎಲ್ಲಿಟ್ಟು ಓದ್ತೀಯವಾ?" ಅಂದೆ. "ಗಾದಿ ಮ್ಯಾಲೆ ಕೌದಿ ಹಾಸಿ ಅದರ ಮ್ಯಾಲರಿ." ಬಿಚ್ಚಿ ನೋಡಿದಾಗ ಫ್ಯಾನಿನ ಮುಂದೆ ಬೆರಳಗಲದ ಹತ್ತಿಯ ಪಟ್ಟಿಯೊಂದು ಕೂತಿತ್ತು. ಕೌದಿಗೆ ಹೊಲಿದ ಹಳೆಯ ಸೀರೆ, ಪಂಜೆಯ ಎಳೆಗಳು ವರ್ಷಗಟ್ಟಲೆ ಒಳಗೆ ಹೋಗಿ, ಧೂಳಿನ ಜೊತೆ ಸೇರಿ ಕಂಬಳಿಯಷ್ಟು ಗಟ್ಟಿಯಾಗಿದ್ದವು. ಚಿಮಟದಿಂದ ಎಳೆದರೆ ಒಂದೇ ತುಂಡಾಗಿ ಬಂತು. ಆ ಯಂತ್ರದಲ್ಲಿ ಬೇರೇನೂ ಕೆಟ್ಟಿರಲಿಲ್ಲ.

ಹುಬ್ಬಳ್ಳಿಯ ನನ್ನ ರಿಪೇರಿ ಮೇಜಿಗೆ ಬರುವ ಸಪ್ಪಳದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಇಂಥವೇ. ಹೊಸದು ಕೊಳ್ಳಬೇಕೆಂದು ಮನೆಯವರ ಮುಂದೆ ದುಡ್ಡಿಗೆ ಕೈ ಚಾಚುವ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದನ್ನು ಕೊನೆಗೆ ನೋಡಬೇಕು. ಈ ಕ್ರಮ ತಪ್ಪಿಸಿ ನೇರವಾಗಿ ಫ್ಯಾನ್ ಬದಲಿಸಿದವರ ಯಂತ್ರ ತಿಂಗಳಲ್ಲಿ ಮತ್ತೆ ಹೊಯ್ಕೊಂಡದ್ದನ್ನು ಬಹಳ ಸಲ ನೋಡಿದ್ದೇನೆ.

ಒಳಗೆ ಆಗುವುದೇನು

ಫ್ಯಾನು ತನ್ನಷ್ಟಕ್ಕೆ ತಾನು ಓಡುವುದಿಲ್ಲ. ಒಳಗಿನ ಬಿಸಿ ಎಷ್ಟೆಂದು ಮದರ್‌ಬೋರ್ಡ್ ಎಂಬ ಮುಖ್ಯ ಸರ್ಕ್ಯೂಟ್ ಹಲಗೆ ನೋಡುತ್ತ, ಅದಕ್ಕೆ ತಕ್ಕ ವೇಗದಲ್ಲಿ ಅದನ್ನು ಓಡಿಸುತ್ತದೆ. ಬಿಸಿ ಹುಟ್ಟುವುದು ಹೆಬ್ಬೆರಳ ಉಗುರಿನಷ್ಟಗಲದ ಪ್ರೊಸೆಸರ್ ಚಿಪ್ಪಿನಲ್ಲಿ. ಅದರ ಮೇಲೆ ಥರ್ಮಲ್ ಪೇಸ್ಟ್ ಎಂಬ ತೆಳುವಾದ ಲೇಪ, ಅದರ ಮೇಲೆ ತಾಮ್ರದ ತಗಡು, ಆ ತಗಡಿಗೆ ಅಂಟಿಕೊಂಡ ಚಪ್ಪಟೆ ತಾಮ್ರದ ಕೊಳವೆ. ಇದಕ್ಕೆ ಹೀಟ್ ಪೈಪ್ ಎನ್ನುತ್ತಾರೆ. ಕೊಳವೆಯ ಒಳಗೆ ಸ್ವಲ್ಪವೇ ಸ್ವಲ್ಪ ದ್ರವ ಇರುತ್ತದೆ. ಬಿಸಿ ತುದಿಯಲ್ಲಿ ಅದು ಆವಿಯಾಗಿ ಇನ್ನೊಂದು ತುದಿಗೆ ಓಡುತ್ತದೆ, ಅಲ್ಲಿ ಬಿಸಿಯನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ವಾಪಸ್ ಬರುತ್ತದೆ. ಆ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ ತೆಳು ಹಾಳೆಗಳಿರುತ್ತವೆ, ಅವೇ ಫಿನ್. ಫ್ಯಾನು ಕೆಳಗಿನಿಂದ ಗಾಳಿ ಎಳೆದು ಈ ಫಿನ್‌ಗಳ ನಡುವೆ ತೂರಿ ಪಕ್ಕದ ಕಿಂಡಿಯಿಂದ ಹೊರಗೆ ತಳ್ಳುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಭಾರವೆಲ್ಲ ಫ್ಯಾನಿನ ಮೇಲೆ ಬೀಳುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರೇ. ಬಿಸಿ ಹೆಚ್ಚು ಹುಟ್ಟುತ್ತಿದೆಯೇ? ಹುಟ್ಟಿದ ಬಿಸಿ ಹೊರಗೆ ಹೋಗುತ್ತಿಲ್ಲವೇ? ಇಲ್ಲಾ ಫ್ಯಾನೇ ಕೆಟ್ಟಿದೆಯೇ?

ಮೊದಲು ಕಿವಿಗೊಟ್ಟು ಕೇಳಿ

ಸೀಲಿಂಗ್ ಫ್ಯಾನ್ ಆರಿಸಿ, ಲ್ಯಾಪ್‌ಟಾಪನ್ನು ಬರೀ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೇಳಿ. 'ಹುಯ್' ಎಂದು ಗಾಳಿ ಬೀಸಿದಂಥ ಒಂದೇ ಸಮನೆಯ ಸಪ್ಪಳ ಇದ್ದರೆ ಫ್ಯಾನ್ ಆರೋಗ್ಯವಾಗಿದೆ, ಕೆಲಸ ಮಾತ್ರ ಹೆಚ್ಚಾಗಿದೆ. 'ಗರಗರ', 'ಕರಕರ' ಎಂದು ಕಲ್ಲು ಅರೆದಂತೆ ಕೇಳಿದರೆ, ಅದರಲ್ಲೂ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಜೋರಾಗಿದ್ದು ಆಮೇಲೆ ಕಡಿಮೆಯಾದರೆ, ಬೇರಿಂಗ್ ಸವೆದಿದೆ. 'ಟಕಟಕ' ಅಂದರೆ ರೆಕ್ಕೆಗೆ ಏನೋ ತಾಗುತ್ತಿದೆ: ಜಾರಿದ ವೈರು, ಕಸದ ಚೂರು, ಇಲ್ಲವೇ ಮುರಿದ ರೆಕ್ಕೆ. 'ಸುಂಯ್' ಎಂದು ಸೊಳ್ಳೆಯಂತೆ ಸಣ್ಣಗೆ ಕೇಳಿ, ಪುಟ ಮೇಲೆ ಕೆಳಗೆ ಸರಿಸಿದಾಗ ಬದಲಾದರೆ ಅದು ಫ್ಯಾನಿನದೇ ಅಲ್ಲ, ಮದರ್‌ಬೋರ್ಡಿನ ಸುರುಳಿಗಳದು. ಅದರಿಂದ ಅಪಾಯವಿಲ್ಲ, ಅದಕ್ಕಾಗಿ ಬಿಚ್ಚಬೇಡಿ.

ಸಪ್ಪಳವನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ರಿಪೇರಿಗೆ ಕೊಡಬೇಕಾಗಿ ಬಂದರೆ ಬಾಯಲ್ಲಿ ಹೇಳುವುದಕ್ಕಿಂತ ಅದು ಹೆಚ್ಚು ಹೇಳುತ್ತದೆ. ಅಂಗಡಿಯಲ್ಲಿ ಆನ್ ಮಾಡಿದಾಗ ಸುಮ್ಮನಿರುವ ಫ್ಯಾನು ಮನೆಗೆ ಹೋದ ಮೇಲೆ ಗರಗರ ಅನ್ನುವುದು ದಿನದ ಮಾತು.

ಎಚ್‌ಪಿ ಯಂತ್ರ ಆನ್ ಆಗುವಾಗ ಫ್ಯಾನಿನ ದೋಷವೆಂದು 90ಬಿ ಎಂಬ ಸಂಕೇತ ಬಂದರೆ, ಥಿಂಕ್‌ಪ್ಯಾಡ್‌ನಲ್ಲಿ 'ಫ್ಯಾನ್ ಎರರ್' ಎಂದು ಬಂದು ಆರಿಹೋದರೆ, ಮುಂದಿನ ಪರೀಕ್ಷೆಗಳನ್ನೆಲ್ಲ ಬಿಟ್ಟು ಫ್ಯಾನಿನ ಭಾಗಕ್ಕೇ ಹೋಗಿ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್ ಆರಿಸಿದರೆ ಅದೇ ಫ್ಯಾನನ್ನು ಓಡಿಸಿ ಪರೀಕ್ಷೆ ಮಾಡುತ್ತದೆ.

ಬಿಸಿಯನ್ನು ಅಂಕಿಯಲ್ಲಿ ನೋಡಿ

ಕೈಗೆ ಬಿಸಿ ತಾಗುತ್ತದೆ ಎನ್ನುವುದು ಲೆಕ್ಕವಲ್ಲ. ವಿಂಡೋಸ್‌ನಲ್ಲಿ ಕೋರ್ ಟೆಂಪ್ ಇಲ್ಲವೇ ಎಚ್‌ಡಬ್ಲ್ಯೂ ಮಾನಿಟರ್ ಹಾಕಿಕೊಂಡರೆ ಪ್ರೊಸೆಸರ್‌ನ ಬಿಸಿ ಡಿಗ್ರಿಯಲ್ಲಿ ಕಾಣುತ್ತದೆ. ಲಿನಕ್ಸ್ ಇದ್ದವರಿಗೆ ಎಲ್‌ಎಂ-ಸೆನ್ಸರ್ಸ್ ಸಾಕು. ತಯಾರಕರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಇಂಥ ಉಪಕರಣಗಳ ಹೆಸರಿನಲ್ಲಿ ಕಸ ತುಂಬಿಸುವ ತಾಣಗಳು ಹೆಚ್ಚು.

ಏನೂ ತೆರೆಯದೆ ಹತ್ತು ನಿಮಿಷ ಬಿಟ್ಟು ಒಂದು ಅಂಕಿ ಬರೆದುಕೊಳ್ಳಿ. ಒಂದು ವಿಡಿಯೊ ಹಚ್ಚಿ ಹತ್ತು ನಿಮಿಷದ ಮೇಲೆ ಇನ್ನೊಂದು ಅಂಕಿ ಬರೆದುಕೊಳ್ಳಿ. ಪಕ್ಕದಲ್ಲಿ ಕೋಣೆಯ ಬಿಸಿ ಎಷ್ಟೆಂದೂ ಬರೆಯಿರಿ, ಏಕೆಂದರೆ ಫ್ಯಾನು ಎಳೆಯುವುದು ಕೋಣೆಯ ಗಾಳಿಯನ್ನೇ. ಡಿಸೆಂಬರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ 50 ತೋರಿಸಿದ ಯಂತ್ರ, ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಮಾಳಿಗೆ ಮನೆಯ 38 ಡಿಗ್ರಿಯಲ್ಲಿ 60ರ ಮೇಲೆ ತೋರಿಸಿದರೆ ಅದು ಕೆಟ್ಟಿದೆ ಎಂದಲ್ಲ.

ಸುಮ್ಮನಿದ್ದಾಗ 40ರಿಂದ 55, ಕೆಲಸದಲ್ಲಿ 70ರಿಂದ 85 ಇದ್ದರೆ ಹಳೇ ಯಂತ್ರಕ್ಕೆ ಸಮಾಧಾನದ ಅಂಕಿ. ಸುಮ್ಮನಿದ್ದಾಗಲೇ 70 ದಾಟಿದ್ದರೆ, ಒಂದು ವಿಡಿಯೊಗೆ 95 ಮುಟ್ಟಿದರೆ ಎಲ್ಲೋ ತೊಂದರೆ ಇದೆ. ಬಹುಪಾಲು ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಆಸುಪಾಸು ಗಡಿ. ಅದರ ಹತ್ತಿರ ಬಂದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸಪ್ಪಳದ ಜೊತೆಗೇ ಲ್ಯಾಪ್‌ಟಾಪು ನಿಧಾನವಾಗುವುದು ಇದಕ್ಕೇ.

ಬಿಸಿ 45 ಇದೆ, ಆದರೂ ಫ್ಯಾನು ಪೂರ್ತಿ ಜೋರಿನಲ್ಲಿದೆ ಎಂದಾದರೆ ದಾರಿ ಬೇರೆ. ಕೆಲವು ಎಚ್‌ಪಿ ಮಾದರಿಗಳ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್ಸ್) 'ಫ್ಯಾನ್ ಆಲ್ವೇಸ್ ಆನ್' ಎಂಬ ಆಯ್ಕೆ ಇದೆ. ಆನ್ ಮಾಡುವಾಗ ಎಫ್10 ಒತ್ತಿ ಒಳಗೆ ಹೋಗಿ ಅದನ್ನು ಡಿಸೇಬಲ್ ಮಾಡಿ. ಡೆಲ್‌ನವರು ಕೊಡುವ ಪವರ್ ಮ್ಯಾನೇಜರ್ ತಂತ್ರಾಂಶದಲ್ಲಿ 'ಕೂಲ್' ಇಲ್ಲವೇ 'ಅಲ್ಟ್ರಾ ಪರ್ಫಾರ್ಮೆನ್ಸ್' ಎಂದಿದ್ದರೆ 'ಆಪ್ಟಿಮೈಸ್ಡ್'ಗೆ ಬದಲಿಸಿ. ಇಂಟೆಲ್ ಪ್ರೊಸೆಸರ್‌ನ ಹಳೆಯ ಮ್ಯಾಕ್‌ಬುಕ್ ಆದರೆ ಫ್ಯಾನನ್ನು ನೋಡಿಕೊಳ್ಳುವ ಎಸ್‌ಎಂಸಿ ಎಂಬ ಚಿಪ್ಪನ್ನು ರೀಸೆಟ್ ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಫ್ಯಾನು ಇಳಿಯುತ್ತದೆ.

ಯಾರು ದುಡಿಸುತ್ತಿದ್ದಾರೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು (ಅಂದರೆ ಪ್ರೊಸೆಸರ್) ಎಂಬ ಕಾಲಮ್ಮಿನ ತಲೆಯನ್ನು ಒತ್ತಿ, ಹೆಚ್ಚು ದುಡಿಸುವವರು ಮೇಲೆ ಬರುತ್ತಾರೆ. ನೀವೇನೂ ಮಾಡದಿದ್ದಾಗ ಒಟ್ಟು ಮೊತ್ತ ಶೇಕಡಾ 10ರ ಒಳಗಿರಬೇಕು.

ವಿಂಡೋಸ್ ಅಪ್‌ಡೇಟ್ ಬಂದ ದಿನ, ಬಹಳ ದಿನದ ಮೇಲೆ ತೆರೆದ ದಿನ, 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್', 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಎಂಬ ವಿಂಡೋಸ್‌ನದೇ ಕೆಲಸಗಳ ಹೆಸರುಗಳು ಮೇಲೆ ಕೂತಿರುತ್ತವೆ. ಅವನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ಚಾರ್ಜರ್ ಹಚ್ಚಿ ಒಂದೆರಡು ತಾಸು ಬಿಡಿ, ಮುಗಿದ ಮೇಲೆ ಫ್ಯಾನು ಇಳಿಯುತ್ತದೆ. ದಿನವೂ ಹೀಗೇ ಆದರೆ ಮಾತ್ರ ಚಿಂತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಹೆದರಿಕೆಯಲ್ಲಿ ಹಳೇ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕಿದ ಮೇಲೆ ಫ್ಯಾನು ನಿಲ್ಲುತ್ತಲೇ ಇಲ್ಲ ಎಂದು ಬರುವವರಿದ್ದಾರೆ. 4 ಜಿಬಿ ರ್‍ಯಾಮ್‌ನ ಯಂತ್ರಕ್ಕೆ ಅದು ಹೊರಲಾರದ ಹೊರೆ. ಬರೀ ಬ್ರೌಸರ್, ಟೈಪಿಂಗ್, ವಿಡಿಯೊ ಇಷ್ಟೇ ಕೆಲಸವಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಳ್ಳಿ ಎಂದೇ ನಾನು ಹೇಳುವುದು.

ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಫ್ಯಾನು ಸುಮ್ಮನಾಗಿ, ಮುಚ್ಚಿದ ಮೇಲೆ ಮತ್ತೆ ಜೋರಾದರೆ ಅನುಮಾನಪಡಿ. ಬೇರೆಯವರಿಗಾಗಿ ನಿಮ್ಮ ಯಂತ್ರದಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ಕೆಲವು ವೈರಸ್‌ಗಳು ಹೀಗೆ ಅಡಗಿಕೊಳ್ಳುತ್ತವೆ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಮಾಡುವ ಗೆಳೆಯರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ಗದಗಿನಂಥ ಮುದ್ರಣದ ಊರಿನಲ್ಲಿ ಪುಟವಿನ್ಯಾಸದ ಕ್ರ್ಯಾಕ್ ಮಾಡಿದ ತಂತ್ರಾಂಶ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟುತ್ತಿರುತ್ತದೆ, ಅದರ ಬೆನ್ನಿಗೆ ಇವೂ ಬರುತ್ತವೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಮಾಡಿ.

ಇನ್ನು ನಮ್ಮ ಕಡೆ ನಾನು ಅತಿ ಹೆಚ್ಚು ನೋಡುವ ಕಾರಣಕ್ಕೆ ಬರುತ್ತೇನೆ: ಯೂಟ್ಯೂಬ್. ಧಾರವಾಡದಲ್ಲಿ ಓದುವ ಮಕ್ಕಳು ದಿನಕ್ಕೆ ಆರೇಳು ತಾಸು ಕ್ಲಾಸಿನ ವಿಡಿಯೊ ನೋಡುತ್ತಾರೆ. ವಿಡಿಯೊ ಅಂದರೆ ಅಡಕಿ ಕಳಿಸಿದ ಗಂಟು, ಅದನ್ನು ನಿಮ್ಮ ಯಂತ್ರ ಕ್ಷಣಕ್ಷಣಕ್ಕೆ ಬಿಚ್ಚಬೇಕು. ಯೂಟ್ಯೂಬ್ ಹೆಚ್ಚಾಗಿ ವಿಪಿ9, ಎವಿ1 ಎಂಬ ಎರಡು ಬಗೆಯಲ್ಲಿ ಅಡಕುತ್ತದೆ. ವಿಪಿ9 ಗಂಟನ್ನು ಪೂರ್ತಿಯಾಗಿ ಬಿಚ್ಚುವ ಪ್ರತ್ಯೇಕ ಭಾಗ ಇಂಟೆಲ್ ಲ್ಯಾಪ್‌ಟಾಪುಗಳಿಗೆ ಬಂದದ್ದು ಪ್ರೊಸೆಸರ್‌ನ 7ನೇ ಪೀಳಿಗೆಯಲ್ಲಿ, ಎವಿ1ಗೆ ಬಂದದ್ದು 11ನೇ ಪೀಳಿಗೆಯಲ್ಲಿ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಆ ಕೆಲಸದ ಬಹುಪಾಲನ್ನು ಪ್ರೊಸೆಸರ್ರೇ ತಲೆ ಮೇಲೆ ಹೊತ್ತುಕೊಂಡು ಮಾಡಬೇಕು. ಎಚ್.264 ಎಂಬ ಹಳೆಯ ಬಗೆಯನ್ನಾದರೆ ಹಳೇ ಯಂತ್ರಗಳೂ ಸಲೀಸಾಗಿ ಬಿಚ್ಚುತ್ತವೆ.

ಆದ್ದರಿಂದ ಮೊದಲು ವಿಡಿಯೊದ ಗುಣಮಟ್ಟವನ್ನು 480ಕ್ಕೆ ಇಳಿಸಿ ನೋಡಿ. ಬೋರ್ಡಿನ ಮೇಲಿನ ಅಕ್ಷರ ಓದಲು ಅಷ್ಟು ಸಾಕು. ಆಮೇಲೆ ಬ್ರೌಸರ್‌ಗೆ ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದು ಯೂಟ್ಯೂಬ್‌ನಿಂದ ಹಳೆಯ ಬಗೆಯ ಗಂಟನ್ನೇ ಕೇಳಿ ಪಡೆಯುತ್ತದೆ. ಗಂಟು ಬಿಚ್ಚುವ ಕೆಲಸವನ್ನು ಆ ಪ್ರತ್ಯೇಕ ಭಾಗಕ್ಕೆ ಒಪ್ಪಿಸುವ ಹಾರ್ಡ್‌ವೇರ್ ಆಕ್ಸಿಲರೇಶನ್ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಆನ್ ಇದೆಯೇ ನೋಡಿ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬು ಎಷ್ಟು ದುಡಿಸುತ್ತಿದೆ ಎಂಬ ಪಟ್ಟಿ ಬರುತ್ತದೆ. ಮೂವತ್ತು ಟ್ಯಾಬ್ ತೆರೆದಿಟ್ಟವರಿಗೆ ಆ ಪಟ್ಟಿಯೇ ಉತ್ತರ ಹೇಳುತ್ತದೆ.

ಇಷ್ಟಾದ ಮೇಲೂ ಸಪ್ಪಳ ತಾಳಲಾಗದಿದ್ದರೆ ಇನ್ನೊಂದು ಉಪಾಯವಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ತೆರೆದು, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಅಡಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು 100ರಿಂದ 99ಕ್ಕೆ ಇಳಿಸಿ. ಒಂದು ಅಂಕಿಯಿಂದ ಏನಾದೀತು ಅನ್ನಬೇಡಿ. 99ಕ್ಕೆ ಇಳಿದ ಕೂಡಲೇ ಟರ್ಬೊ ಎಂಬ ಹೆಚ್ಚುವರಿ ಓಟವೇ ನಿಂತುಹೋಗುತ್ತದೆ, ಬಿಸಿಯ ದೊಡ್ಡ ಪಾಲು ಹುಟ್ಟುವುದು ಆ ಓಟದಲ್ಲೇ. ಟೈಪಿಂಗ್, ವಿಡಿಯೊಗಳಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಫ್ಯಾನಿನ ವೇಗವನ್ನೇ ಒತ್ತಾಯದಿಂದ ಇಳಿಸುವ ತಂತ್ರಾಂಶಗಳೂ ಸಿಗುತ್ತವೆ, ಅವುಗಳ ತಂಟೆಗೆ ಹೋಗಬೇಡಿ. ಸಪ್ಪಳ ಹೋಗುತ್ತದೆ, ಬಿಸಿ ಒಳಗೇ ಉಳಿಯುತ್ತದೆ.

ಉಸಿರಾಡಲು ಜಾಗ

ಗಾದಿ, ಕೌದಿ, ದಿಂಬು, ತೊಡೆ ಇವು ನಾಲ್ಕೂ ಕೆಳಗಿನ ಕಿಂಡಿಯನ್ನು ಮುಚ್ಚುತ್ತವೆ. ಹಾಸಿಗೆಯ ಮೇಲೆಯೇ ಕೂತು ಓದುವವರು ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಮೇಜಿನ ಮೇಲಾದರೆ ಹಿಂಭಾಗದ ಎರಡು ಮೂಲೆಗೆ ಬಾಟಲಿಯ ಒಂದೊಂದು ಮುಚ್ಚಳ ಕೊಟ್ಟು ಎತ್ತರಿಸಿ. ಒಂದೆರಡು ಸೆಂಟಿಮೀಟರ್ ಎತ್ತರಕ್ಕೇ ಐದಾರು ಡಿಗ್ರಿ ಇಳಿದದ್ದನ್ನು ನಾನೇ ಅಳೆದಿದ್ದೇನೆ. ಕೂಲಿಂಗ್ ಪ್ಯಾಡ್ ಕೊಳ್ಳುವ ಮೊದಲು ನಿಮ್ಮ ಯಂತ್ರದ ಕಿಂಡಿ ಕೆಳಗಡೆ ಇದೆಯೇ ನೋಡಿ. ಕೆಲವದರಲ್ಲಿ ಕೀಬೋರ್ಡಿನ ಕಡೆಯಿಂದ ಗಾಳಿ ಒಳಗೆ ಹೋಗುತ್ತದೆ, ಅವಕ್ಕೆ ಪ್ಯಾಡ್ ಕೊಂಡರೆ ದುಡ್ಡು ದಂಡ.

ನಮ್ಮ ಭಾಗದ ಧೂಳು

ಧೂಳೆಲ್ಲ ಒಂದೇ ಅಲ್ಲ. ಹುಬ್ಬಳ್ಳಿ, ನವಲಗುಂದ, ಗದಗಿನ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಬೇಸಿಗೆಯಲ್ಲಿ ಎದ್ದು ಮನೆಯೊಳಗೆ ಬಂದು, ಮಳೆಗಾಲದ ತೇವಕ್ಕೆ ಫಿನ್‌ಗಳ ಮೇಲೆ ಮೆತ್ತಿಕೊಳ್ಳುತ್ತದೆ. ಅರಳೆ ಮಿಲ್ಲು, ಮಗ್ಗ, ಹೊಲಿಗೆ ಅಂಗಡಿ ಇದ್ದಲ್ಲಿ ಎಳೆಗಳು ಸೇರಿ ನಾನು ಮೊದಲು ಹೇಳಿದ ಪಟ್ಟಿ ಕಟ್ಟುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಲ್ಯಾಪ್‌ಟಾಪ್ ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ, ಊದಿದರೆ ಖಾರವೆಲ್ಲ ಕಣ್ಣಿಗೆ ಬರುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಎಣ್ಣೆ ಹೊಗೆ. ಮಿರ್ಚಿ, ಗಿರಮಿಟ್ ಅಂಗಡಿಯ ಬಿಲ್ಲಿಂಗ್ ಲ್ಯಾಪ್‌ಟಾಪಿನ ಧೂಳು ಅಂಟಾಗಿರುತ್ತದೆ, ಊದಿದರೆ ಹೋಗುವುದಿಲ್ಲ, ಬಿಚ್ಚಿ ಒರೆಸಲೇಬೇಕು.

ಬಿಚ್ಚದೆ ಊದುವುದಾದರೆ ಹೀಗೆ ಮಾಡಿ. ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗಿನಿಂದ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಕೆಳಗಿನ ಕಿಂಡಿಯಿಂದ ಹಲ್ಲುಕಡ್ಡಿ ತೂರಿಸಿ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿಯಿರಿ. ಊದಿದ ರಭಸಕ್ಕೆ ಫ್ಯಾನು ಅಳತೆ ಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ, ತಿರುಗುವ ಮೋಟರ್ ಹುಟ್ಟಿಸುವ ಕರೆಂಟು ಮದರ್‌ಬೋರ್ಡಿಗೂ ಹೋಗಬಹುದು. ಪಕ್ಕದ ಕಿಂಡಿಯಿಂದ ಒಳಮುಖವಾಗಿ ಸಣ್ಣ ಸಣ್ಣ ಸಲ ಊದಿ, ಆಮೇಲೆ ಕೆಳಗಿನಿಂದ ಊದಿ. ಗಾಳಿಯ ಡಬ್ಬಿಯಾದರೆ ನೆಟ್ಟಗೆ ಹಿಡಿಯಬೇಕು, ವಾಲಿಸಿದರೆ ದ್ರವ ಚಿಮ್ಮುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಊದಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ದಯವಿಟ್ಟು ಬೇಡ. ಆ ಗಾಳಿಯಲ್ಲಿ ನೀರಿನ ಹನಿ, ಎಣ್ಣೆ ಇರುತ್ತವೆ, ಒತ್ತಡವೂ ಟೈರಿಗೆ ತಕ್ಕದ್ದು. ಹಾಗೆ ಊದಿಸಿಕೊಂಡು ಬಂದ ಒಂದು ಯಂತ್ರದಲ್ಲಿ ಫ್ಯಾನಿನ ಎರಡು ರೆಕ್ಕೆ ಮುರಿದು, ಕೀಬೋರ್ಡಿನ ರಿಬ್ಬನ್ ಕಿತ್ತುಬಂದಿತ್ತು. ಮನೆಯ ವ್ಯಾಕ್ಯೂಮ್ ಕ್ಲೀನರನ್ನೂ ಹತ್ತಿರ ತರಬೇಡಿ, ಅದರ ಮೂತಿಯಲ್ಲಿ ಸ್ಥಿರ ವಿದ್ಯುತ್ತು ಕೂಡುತ್ತದೆ.

ಊದಿದ ಮೇಲೆ ಅದೇ ಎರಡು ಅಂಕಿ ಮತ್ತೆ ಬರೆದುಕೊಳ್ಳಿ. ಹತ್ತು ಡಿಗ್ರಿ ಇಳಿದಿದ್ದರೆ ಇಲ್ಲಿಗೇ ನಿಲ್ಲಿಸಿ. ಇಳಿಯದಿದ್ದರೆ ಬಿಚ್ಚಬೇಕು.

ಬಿಚ್ಚುವುದು

ಬಿಚ್ಚುವ ಮೊದಲು ಯಂತ್ರವನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ನೋಡಿ. ಅಲುಗಾಡುತ್ತಿದೆಯೇ? ಟಚ್‌ಪ್ಯಾಡ್ ಉಬ್ಬಿದೆಯೇ? ಹಾಗಿದ್ದರೆ ಒಳಗಿನ ಬ್ಯಾಟರಿ ಉಬ್ಬಿರಬಹುದು. ಚಾರ್ಜ್ ಮಾಡುವುದನ್ನು ಆಗಲೇ ನಿಲ್ಲಿಸಿ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮನೆಯಲ್ಲಿ ಬಿಚ್ಚಲೂಬೇಡಿ. ತಿಳಿದವರ ಕೈಗೇ ಕೊಡಿ.

ಅಂಥದ್ದೇನೂ ಇಲ್ಲದಿದ್ದರೆ ನಿಮ್ಮ ಮಾದರಿಯ ಹೆಸರು ಹಾಕಿ ಬಿಚ್ಚುವ ವಿಡಿಯೊವನ್ನು ಒಂದು ಸಲ ಪೂರ್ತಿ ನೋಡಿ. ಬೇಕಾಗುವುದು ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಬಳಸದ ಎಟಿಎಂ ಕಾರ್ಡು, ಚಿತ್ರ ಬಿಡಿಸುವ ಮೆತ್ತನೆ ಬ್ರಶ್ಶು, ಚಿಮಟ, ಇಯರ್‌ಬಡ್. ಒಂದು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಇಡಿ. ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ. ಗಿಡ್ಡ ಸ್ಕ್ರೂವಿನ ಜಾಗದಲ್ಲಿ ಉದ್ದದ್ದು ಹಾಕಿ ತಿರುವಿದರೆ ಮದರ್‌ಬೋರ್ಡಿಗೆ ತೂತು ಬೀಳುತ್ತದೆ. ರಬ್ಬರ್ ಕಾಲುಗಳ ಅಡಿ, ಡಿವಿಡಿ ಡ್ರೈವ್ ತೆಗೆದ ಮೇಲೆ ಕಾಣುವ ಅಂಚಿನಲ್ಲಿ ಸ್ಕ್ರೂಗಳು ಅಡಗಿರುತ್ತವೆ. ಮುಚ್ಚಳ ಬಾರದಿದ್ದರೆ ಜಗ್ಗಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ.

ತಳ ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟು ಹರಿದುಹೋಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು, ಕಾರ್ಪೆಟ್ ಮೇಲೆ ಕೂತು ಈ ಕೆಲಸ ಮಾಡಬೇಡಿ.

ಈಗ ಫ್ಯಾನ್ ನೋಡಿ. ಬಹಳಷ್ಟು ಮಾದರಿಗಳಲ್ಲಿ ಫ್ಯಾನು ಎರಡು ಮೂರು ಸ್ಕ್ರೂಗಳಲ್ಲಿ ಬೇರೆಯಾಗಿಯೇ ಬರುತ್ತದೆ, ತಾಮ್ರದ ಕೊಳವೆ ಮುಟ್ಟುವ ಅಗತ್ಯವೇ ಇಲ್ಲ. ಫ್ಯಾನಿನ ಕನೆಕ್ಟರನ್ನು ವೈರ್ ಹಿಡಿದು ಎಳೆಯದೆ, ಉಗುರಿನಿಂದ ಎರಡೂ ಬದಿ ಸ್ವಲ್ಪ ಸ್ವಲ್ಪ ತಳ್ಳಿ ಬಿಡಿಸಿ. ಫ್ಯಾನ್ ಎತ್ತಿದರೆ ಫಿನ್‌ಗಳ ಬಾಯಿ ಕಾಣುತ್ತದೆ, ಧೂಳಿನ ಪಟ್ಟಿ ಕೂತಿರುವುದು ಅಲ್ಲೇ. ಹೊರಗಿನಿಂದ ಎಷ್ಟು ಊದಿದರೂ ಕೆಲವೊಮ್ಮೆ ಅದು ಒಳಕ್ಕೇ ಸರಿದು ಮತ್ತೆ ಬಂದು ಕೂರುತ್ತದೆ. ಚಿಮಟದಿಂದ ಒಂದು ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಫಿನ್ ಬಾಗದಂತೆ ಬ್ರಶ್ಶನ್ನು ಅವುಗಳ ಉದ್ದಕ್ಕೆ ಆಡಿಸಿ. ರೆಕ್ಕೆಗಳನ್ನು ಒಂದೊಂದಾಗಿ ಇಯರ್‌ಬಡ್‌ನಿಂದ ಒರೆಸಿ.

ಪೇಸ್ಟ್ ಬದಲಿಸುವುದು

ಫ್ಯಾನು, ತಾಮ್ರದ ಕೊಳವೆ ಎರಡೂ ಒಂದೇ ತುಂಡಾಗಿದ್ದರೆ, ಅಥವಾ ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಒಮ್ಮೆ ತಗಡು ಎತ್ತಿದರೆ ಹಳೆಯ ಪೇಸ್ಟ್ ಮತ್ತೆ ಕೂರುವುದಿಲ್ಲ, ಹೊಸದು ಹಾಕಲೇಬೇಕು. ಆದ್ದರಿಂದ ಪೇಸ್ಟ್ ಮತ್ತು ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಮೊದಲೇ ತಂದಿಟ್ಟುಕೊಳ್ಳಿ. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಕೊಡುತ್ತಾರೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಬೇಡ.

ತಗಡಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಂಕಿ ಅಚ್ಚಾಗಿರುತ್ತದೆ. ಬಿಚ್ಚುವಾಗ ಒಂದನ್ನೇ ಪೂರ್ತಿ ತೆಗೆಯದೆ ಎಲ್ಲವನ್ನೂ ಸರದಿಯಲ್ಲಿ ಅರ್ಧರ್ಧ ಸುತ್ತು ಸಡಿಲಿಸಿ. ಪ್ರೊಸೆಸರ್ ಚಿಪ್ಪು ಗಾಜಿನಂತೆ, ಒಂದು ಮೂಲೆಗೆ ಭಾರ ಬಿದ್ದರೆ ಚೂರು ಎದ್ದುಹೋಗುತ್ತದೆ. ತಗಡು ಅಂಟಿಕೊಂಡಿದ್ದರೆ ಮೇಲಕ್ಕೆ ಕೀಳದೆ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಬಿಡಿಸಿ. ಒಣಗಿ ಸುಣ್ಣದ ಚಕ್ಕೆಯಂತಾದ ಹಳೆಯ ಪೇಸ್ಟನ್ನು ಎರಡೂ ಕಡೆಯಿಂದ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚಿಪ್ಪು, ತಗಡು ಎರಡೂ ಹೊಳೆಯುವವರೆಗೆ.

ಹೊಸ ಪೇಸ್ಟ್ ಒಂದು ಜೋಳದ ಕಾಳಿನಷ್ಟು, ಚಿಪ್ಪಿನ ನಡುವೆ. ಉದ್ದನೆಯ ಚಿಪ್ಪಾದರೆ ಅಕ್ಕಿ ಕಾಳಿನಂತೆ ಒಂದು ಗೆರೆ. ಹೆಚ್ಚು ಹಾಕಿದಷ್ಟು ತಂಪು ಎಂದು ಬಹಳ ಜನ ನಂಬಿದ್ದಾರೆ. ಪೇಸ್ಟ್ ಇರುವುದು ಚಿಪ್ಪು ಮತ್ತು ತಗಡಿನ ನಡುವಿನ ಕಣ್ಣಿಗೆ ಕಾಣದ ಸಂದು ತುಂಬಲು ಮಾತ್ರ, ದಪ್ಪನೆಯ ಪದರವಾದರೆ ಅದೇ ಬಿಸಿಯನ್ನು ತಡೆಯುತ್ತದೆ. ಪೇಸ್ಟ್ ಸಿಗದಿದ್ದಾಗ ಟೂತ್‌ಪೇಸ್ಟ್ ಹಚ್ಚಿದವರೂ ಇದ್ದಾರೆ. ಅದು ಕೆಲವೇ ದಿನದಲ್ಲಿ ಒಣಗಿ ಬಿಸಿ ಮೊದಲಿಗಿಂತ ಹೆಚ್ಚಾಗುತ್ತದೆ.

ಪಕ್ಕದ ಸಣ್ಣ ಚಿಪ್ಪುಗಳ ಮೇಲೆ ಮೆತ್ತನೆಯ ಬೂದು ಇಲ್ಲವೇ ನೀಲಿ ಬಣ್ಣದ ಚೌಕಗಳಿದ್ದರೆ ಅವು ಥರ್ಮಲ್ ಪ್ಯಾಡ್. ಅಲ್ಲಿ ತಗಡಿಗೂ ಚಿಪ್ಪಿಗೂ ನಡುವೆ ಅಂತರ ಇರುತ್ತದೆ, ಪ್ಯಾಡಿನ ಬದಲು ಪೇಸ್ಟ್ ಹಚ್ಚಿದರೆ ಎರಡೂ ಮುಟ್ಟುವುದೇ ಇಲ್ಲ. ಚೆನ್ನಾಗಿದ್ದರೆ ಹಾಗೆಯೇ ಉಳಿಸಿಕೊಳ್ಳಿ. ಹರಿದಿದ್ದರೆ ಅದೇ ದಪ್ಪದ್ದನ್ನು ತನ್ನಿ. ತಗಡನ್ನು ನೇರವಾಗಿ ಇಳಿಸಿ, ಅಂಕಿಯ ಕ್ರಮದಲ್ಲಿ ಸರದಿಯಂತೆ ಬಿಗಿ ಮಾಡಿ, ಫ್ಯಾನ್ ಕನೆಕ್ಟರ್ ಮರೆಯದೆ ಕೂರಿಸಿ, ಕೊನೆಗೆ ಬ್ಯಾಟರಿ ಜೋಡಿಸಿ.

ಫ್ಯಾನೇ ಹೋಗಿದ್ದರೆ

ಗರಗರ ಸಪ್ಪಳದ ಫ್ಯಾನಿಗೆ ಸ್ಟಿಕ್ಕರ್ ಎಬ್ಬಿಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಕೆಲವು ವಾರ ಸುಮ್ಮನಿರುತ್ತದೆ. ಪರೀಕ್ಷೆ ಹತ್ತಿರವಿದ್ದು ಬೇರೆ ದಾರಿಯಿಲ್ಲದವರಿಗೆ ಅದು ತಾತ್ಕಾಲಿಕ ಉಪಾಯ, ಸವೆದ ಬೇರಿಂಗ್ ಮತ್ತೆ ಬೆಳೆಯುವುದಿಲ್ಲ. ಹೊಸದು ತರುವಾಗ ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನ ಯಂತ್ರದಲ್ಲಿ ಎರಡು ಮೂರು ಬಗೆಯ ಫ್ಯಾನ್ ಇರುತ್ತವೆ. ಹಳೆಯದರ ಸ್ಟಿಕ್ಕರಿನ ಮೇಲಿನ ಪಾರ್ಟ್ ನಂಬರ್, ವೋಲ್ಟೇಜು, ಕನೆಕ್ಟರಿನಲ್ಲಿ ವೈರ್ ಮೂರೋ ನಾಲ್ಕೋ, ಗಾಳಿ ಹೊರಡುವ ಬಾಯಿ ಯಾವ ಕಡೆಗೆ, ಇಷ್ಟನ್ನೂ ಫೋಟೊ ತೆಗೆದುಕೊಂಡು ಹೋಗಿ. ಸಾಮಾನ್ಯ ಮಾದರಿಗಳ ಫ್ಯಾನಿಗೆ ಕೆಲವು ನೂರು ರೂಪಾಯಿ ಸಾಕು.

ಕೈ ನಡುಗುತ್ತದೆ, ಧೈರ್ಯ ಸಾಲದು ಎನ್ನುವವರು ಸಂಕೋಚವಿಲ್ಲದೆ ಅಂಗಡಿಗೆ ಕೊಡಿ. ಕೊಡುವ ಮೊದಲು ನಿಮ್ಮ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಬರೆದಿಟ್ಟ ಅಂಕಿಗಳನ್ನು ತೋರಿಸಿ, "ಧೂಳು ತಗದು ಪೇಸ್ಟ್ ಹಾಕಿ, ಬಿಸಿ ಎಷ್ಟ್ ಇಳೀತು ತೋರಿಸ್ರಿ" ಎಂದು ಕೇಳಿ. ಎದುರಿಗೇ ಆನ್ ಮಾಡಿಸಿ ವಿಡಿಯೊ ಹಚ್ಚಿ ನೋಡಿ. ಫ್ಯಾನ್ ಬದಲಿಸಿದ್ದರೆ ಹಳೆಯದನ್ನು ವಾಪಸ್ ಕೇಳಿ ತಗೊಳ್ಳಿ, ಮುಂದೆ ಮತ್ತೊಂದು ಬೇಕಾದಾಗ ಅದರ ಮೇಲಿನ ನಂಬರ್ ಕೈಯಲ್ಲಿರುತ್ತದೆ.